ಇದು ಯಾರ ಕೆಲಸ

ನನ್ನ ಅಣ್ಣನನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಅಣ್ಣ ತಂಗಿ ಅಪ್ಪಿಕೊಂಡು ಅತ್ತರು ಅಂತ ಯಾರಾದರೂ ಕಾದು ಕೂತರೆ ಸುಮ್ಮನೆ ನಿರಾಸೆಯಾಗುತ್ತದೆ. ನಾವು ಅಪ್ಪಿಕೊಳ್ಳಲಿಲ್ಲ. ನಮ್ಮ ಕಡೆ ಅದು ಅಭ್ಯಾಸವೂ ಇಲ್ಲ.

ವಿಷಯ ಅಪ್ಪನ ಕಾರಿನದು. ಅಪ್ಪ ಯಶವಂತಪುರದ ಒಬ್ಬ ಡಾಕ್ಟರ ಬಳಿ ಮೂವತ್ತು ವರ್ಷ ಡ್ರೈವರಾಗಿದ್ದ. ಡಾಕ್ಟರು ಹೊಸ ಕಾರು ತೆಗೆದುಕೊಂಡ ಮೇಲೆ ಹಳೆಯದು ಅವರ ಶೆಡ್ಡಿನಲ್ಲಿ ತುಕ್ಕು ತಿನ್ನುತ್ತಾ ನಿಂತಿತ್ತು. ಅಪ್ಪ ಕೆಲಸ ಬಿಡುವ ದಿನ ಅವರು, ಏನು ಬೇಕು ಕೇಳಪ್ಪ ಅಂದರಂತೆ. ಅಪ್ಪ ಆ ಗುಜರಿಯನ್ನು ಕೇಳಿದ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಚಿಕ್ಕಬಾಣಾವರದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಗೆ ಎಳೆದು ತಂದ. ದನಗಳು ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಗೋದಲಿಯಲ್ಲಿ ಸ್ಪ್ಯಾನರುಗಳನ್ನು ಜೋಡಿಸಿಟ್ಟ.

ಅದನ್ನು ಮತ್ತೆ ಓಡುವಂತೆ ಮಾಡಲು ಆರು ವರ್ಷದ ಭಾನುವಾರಗಳು ಹಿಡಿದವು. ಆ ಭಾನುವಾರಗಳಲ್ಲಿ ಅಪ್ಪನ ಪಕ್ಕದಲ್ಲಿ ಇದ್ದವಳು ನಾನು. ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದವಳು ನಾನು, ಕಾರಿನ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿದವಳು ನಾನು. ಮದುವೆಯಾಗಿ ಅಲ್ಲಾಳಸಂದ್ರಕ್ಕೆ ಹೋದ ಮೇಲೂ ಭಾನುವಾರ ಬೆಳಿಗ್ಗೆ ತಿಂಡಿ ಮಾಡಿಟ್ಟು ಓಡಿ ಬರುತ್ತಿದ್ದೆ. ಅಣ್ಣ ಆಗ ಸೈಟು, ಲೇಔಟು ಅಂತ ತಿರುಗುತ್ತಿದ್ದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಏನಪ್ಪ ನಿಮ್ಮ ಎಮ್ಮೆ ಎದ್ದು ನಿಲ್ತಾ ಅಂತ ಕೇಳಿ ನಕ್ಕು ಹೋಗುತ್ತಿದ್ದ. ಆರು ವರ್ಷದಲ್ಲಿ ಅವನು ಒಂದು ನಟ್ಟು ಎತ್ತಿ ಕೊಟ್ಟಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಅಪ್ಪನದು ಒಂದು ಮಾತಿತ್ತು: "ಇದ್ಯಾರ್ ಕೆಲ್ಸ?" ಮನೆಯಲ್ಲಿ ಏನಾದರೂ ಒಡೆದರೆ, ಚೆಲ್ಲಿದರೆ, ಕಳೆದುಹೋದರೆ, ಹೊಸ್ತಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದ. ನನಗೆ ಆರು ವರ್ಷವಿದ್ದಾಗ ಅಮ್ಮ ರೊಟ್ಟಿ ಬೇಯಿಸಿ ಒಲೆಯ ಮೇಲೆ ಬಿಟ್ಟಿದ್ದ ಮಣ್ಣಿನ ಹೆಂಚಿಗೆ ಅಣ್ಣ ಒಂದು ಚೊಂಬು ತಣ್ಣೀರು ಸುರಿದ. ಚುಸ್ ಅನ್ನುವ ಸದ್ದು ಕೇಳುವ ಆಸೆ ಅವನಿಗೆ. ಸದ್ದು ಬಂತು, ಅದರ ಹಿಂದೆಯೇ ಟಕ್ ಅಂತ ಹೆಂಚು ಎರಡು ಹೋಳಾಯಿತು. ಸಂಜೆ ಅಪ್ಪ ಬಂದು, ಇದ್ಯಾರ್ ಕೆಲ್ಸ ಅಂತ ಕೇಳಿದ. ಅಣ್ಣ ಬಾಯಿ ಬಿಡಲಿಲ್ಲ. ತೋರುಬೆರಳು ಎತ್ತಿ ನನ್ನ ಕಡೆ ತೋರಿಸಿದ, ಅಷ್ಟೇ. ಏಟು ನನಗೆ ಬಿತ್ತು. ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿಕೊಂಡು ಕೂತಿದ್ದಳು.

ಅದೇ ಮಾತನ್ನು ಅಪ್ಪ ಇನ್ನೊಂದು ಸಲ ಬೇರೆ ದನಿಯಲ್ಲಿ ಕೇಳಿದ್ದುಂಟು. ಆ ಕಾರಿನ ಇಂಜಿನ್ ಮೊದಲ ಸಲ ಕೆಮ್ಮಿ, ಉಗುಳಿ, ಕೊನೆಗೆ ಒಂದೇ ಸಮ ಓಡಿದ ದಿನ ಅಮ್ಮನನ್ನು ಅಡುಗೆಮನೆಯಿಂದ ಕೂಗಿ ಕರೆದ. ಇದ್ಯಾರ್ ಕೆಲ್ಸ ಗೊತ್ತಾ ಅಂತ ಕೇಳಿ ನನ್ನ ತಲೆಯ ಮೇಲೆ ಕೈಯಿಟ್ಟ. ಗ್ರೀಸು ಮೆತ್ತಿದ ಕೈ. ಕೂದಲಿನಿಂದ ಅದು ಹೋಗುವುದಕ್ಕೆ ಮೂರು ಸಲ ಸೀಗೆಪುಡಿ ಹಾಕಬೇಕಾಯಿತು. ನನ್ನ ಬದುಕಿನಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಆ ಕಾರಿಗೆ ಒಂದು ಚಾಳಿಯಿತ್ತು. ಬಿಸಿಲಲ್ಲಿ, ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ಹೋದರೆ ಪೆಟ್ರೋಲು ಎಳೆದುಕೊಳ್ಳುವ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಇಂಜಿನ್ ಗಪ್ಪಂತ ನಿಂತುಹೋಗುತ್ತಿತ್ತು. ಪಂಪ್‌ಗೆ ಜ್ವರ ಬಂದೈತೆ ಅನ್ನುತ್ತಿದ್ದ ಅಪ್ಪ. ಜ್ವರಕ್ಕೆ ಮದ್ದು ಒದ್ದೆ ಬಟ್ಟೆ. ಅಪ್ಪನ ಹಳೇ ಪಂಚೆಯ ತುಂಡೊಂದು, ಹಸಿರು ಅಂಚಿನದು, ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ನೆನೆಸಿ ಪಂಪಿಗೆ ಸುತ್ತಿ ಹತ್ತು ನಿಮಿಷ ಬಿಟ್ಟರೆ ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದು ನಿಯಮವನ್ನೂ ಅಪ್ಪ ನನ್ನ ಕಿವಿ ಹಿಂಡಿ ಕಲಿಸಿದ್ದ: ಕಾದ ಇಂಜಿನ್ನಿಗೆ ತಣ್ಣೀರು ತೋರಿಸಬಾರದು. ಎರಕದ ಕಬ್ಬಿಣವೂ ಹೆಂಚಿನ ಜಾತಿಯೇ, ಬಿರುಕು ಬಿಡುತ್ತೆ ಅಂತ. ಹೆಂಚು ಅಂದಾಗ ನನ್ನ ಮುಖ ನೋಡಿ ನಕ್ಕಿದ್ದ. ಒಡೆದಿದ್ದು ನಾನಲ್ಲ ಅಂತ ಹೇಳುವ ವಯಸ್ಸು ಆಗ ದಾಟಿಹೋಗಿತ್ತು. ನಾನೂ ನಕ್ಕೆ.

ಅಪ್ಪ ಹೋದ ಮೇಲೆ ಕಾರು ಅಣ್ಣನ ಪಾಲಾಯಿತು. ಗಂಡುಮಗ ಇರುವಾಗ ಅಪ್ಪನ ಕಾರು ಹೆಣ್ಣುಮಗಳ ಮನೆ ಸೇರಿದರೆ ಊರವರು ಏನಂತಾರೆ ಅಂತ ಕೇಳಿದ. ಊರವರು ಏನೂ ಅನ್ನುತ್ತಿರಲಿಲ್ಲ. ಊರೇ ಎಲ್ಲಿ ಉಳಿದಿತ್ತು, ಸುತ್ತ ನಿಂತಿದ್ದು ಅವನೇ ಕಟ್ಟಿಸಿದ ಬಾಡಿಗೆ ಮನೆಗಳು. ನಾಲ್ಕು ವರ್ಷ ಕಾರು ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಆಮೇಲೆ ಯಾರೋ ಇನ್ನೊಬ್ಬ ಬಿಲ್ಡರು ತನ್ನ ಹಳೇ ಕಾರನ್ನು ಪ್ರದರ್ಶನಕ್ಕೆ ಇಟ್ಟು ಬಹುಮಾನದ ಕಪ್ಪು ಹಿಡಿದು ನಿಂತ ಫೋಟೊ ಇವನ ಮೊಬೈಲಿಗೆ ಬಂತು. ಅಲ್ಲಿಂದ ಶುರು. ಅಪ್ಪನ ಬೂದು ಬಣ್ಣ ಹೋಗಿ ದಾಳಿಂಬೆ ಬಣ್ಣ ಬಂತು. ಹಾರ್ನ್ ಒತ್ತಿದರೆ ಹಾಡು ಬರುವಂತೆ ಮಾಡಿಸಿದ. ಹಿಂದಿನ ಗಾಜಿಗೆ ಹೊಳೆಯುವ ಅಕ್ಷರದಲ್ಲಿ 'ತಂದೆಯ ಆಶೀರ್ವಾದ' ಅಂತ ಅಂಟಿಸಿದ. ಡಿಕ್ಕಿ ಖಾಲಿ ಮಾಡಿಸಿ ಇದ್ದದ್ದನ್ನೆಲ್ಲ ಕಾಂಪೌಂಡಿನ ಆಚೆ ಎಸೆಸಿದ. ಆ ಕಸದ ರಾಶಿಯಲ್ಲಿ ಹಸಿರು ಅಂಚು ಕಂಡು ನಾನು ಅದನ್ನು ಎತ್ತಿಕೊಂಡೆ. ಅತ್ತಿಗೆ ನೋಡಿ, ಅಯ್ಯೋ ಅದ್ಯಾಕ್ರೀ, ನೆಲ ಒರೆಸೋಕೂ ಬರಲ್ಲ ಅಂದರು. ನಾನು ಮನೆಗೆ ತಂದು ಒಗೆದು ಇಟ್ಟುಕೊಂಡೆ.

ಆಮೇಲೆ ಒಂದು ಫಾರಂ ನನ್ನ ಕಣ್ಣಿಗೆ ಬಿತ್ತು. ಯಲಹಂಕದ ಆಚೆಯ ಒಂದು ಮೈದಾನದಲ್ಲಿ ಹಳೇ ಕಾರುಗಳ ಪ್ರದರ್ಶನ. ಯುಗಾದಿಯ ಮಾರನೆಯ ದಿನ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಅದರ ಅರ್ಜಿ ಟೀಪಾಯಿಯ ಮೇಲೆ ಬಿದ್ದಿತ್ತು. ಇಂಗ್ಲಿಷಿನಲ್ಲಿತ್ತು. ಮೊದಲ ಸಾಲು ಮಾಲೀಕರು ಯಾರು ಅಂತ. ಸರಿ, ಅವನ ಹೆಸರು. ಮೂರನೆಯ ಸಾಲು, ಈ ಕಾರನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದು ಯಾರ ಕೆಲಸ ಅಂತ. ಅಲ್ಲೂ ದಪ್ಪ ದಪ್ಪ ಅಕ್ಷರದಲ್ಲಿ ಅವನದೇ ಹೆಸರು. ಅದರ ಕೆಳಗೆ, ಆರು ವರ್ಷದ ಸ್ವಂತ ಪರಿಶ್ರಮ ಅಂತ ಬೇರೆ. ನನ್ನ ಆರು ವರ್ಷವನ್ನೂ ಬಿಟ್ಟಿರಲಿಲ್ಲ ಕಳ್ಳ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಮನೆಯಲ್ಲಿ ಕೆಸರು ನನ್ನ ಕೈಗೆ, ಮೊಸರು ಅವನ ಬಾಯಿಗೆ.

ಆದರೆ ನಾನು ಕೂಗಾಡಲಿಲ್ಲ. ಕೂಗಾಡಿದರೆ ಅವನು ನಗುತ್ತಾನೆ, ಅತ್ತಿಗೆ ನೀರು ಕೊಡುತ್ತಾರೆ, ಅಮ್ಮ ಹೋಗ್ಲಿ ಬಿಡವ್ವ ಅನ್ನುತ್ತಾಳೆ. ನಲವತ್ತು ವರ್ಷ ಇದನ್ನು ನೋಡಿದ್ದೇನೆ. ಫಾರಂ ಇದ್ದ ಜಾಗದಲ್ಲೇ ಇಟ್ಟು, ಎರಡು ಹೋಳಿಗೆ ಹೆಚ್ಚಾಗಿ ತಿಂದು, ಪ್ರದರ್ಶನಕ್ಕೆ ನಾನೂ ಬರ್ತೀನಿ, ಅಮ್ಮನನ್ನೂ ಕರ್ಕೊಂಡು ಹೋಗೋಣ ಅಂದೆ. ಅಣ್ಣನಿಗೆ ಖುಷಿಯಾಯಿತು. ಫೋಟೊದಲ್ಲಿ ಅಮ್ಮ ಇದ್ದರೆ ಚೆನ್ನಾಗಿರುತ್ತದಲ್ಲ.

ನನ್ನ ಲೆಕ್ಕ ಸರಳ. ಏಪ್ರಿಲ್ ಬಿಸಿಲು, ಅತ್ತಿಗೆಯ ತವರಿಗೆ ತೋರಿಸದೆ ಅವನು ಹೋಗುವವನಲ್ಲ, ಅಂದರೆ ಭಾನುವಾರದ ಹೆಬ್ಬಾಳ. ಕಾರು ನಿಂತೇ ನಿಲ್ಲುತ್ತದೆ. ಯಾಕೆ ನಿಂತಿತು ಅಂತ ಅವನಿಗೆ ಗೊತ್ತಾಗುವುದಿಲ್ಲ. ನಡುರಸ್ತೆಯಲ್ಲಿ, ಎಲ್ಲರ ಎದುರಿಗೆ, ಏನ್ ಮಾಡೋದು ಹೇಳು ಅಂತ ಅವನು ನನ್ನನ್ನು ಕೇಳಬೇಕು. ಆಗ ಫಾರಂ ತೆಗೆಸಿ, ಮೂರನೆಯ ಸಾಲಿನಲ್ಲಿ ಅವನ ಹೆಸರು ಅವನ ಕೈಯಿಂದಲೇ ಹೊಡೆಸಿ, ಅಪ್ಪನದೂ ನನ್ನದೂ ಬರೆಸಿ, ಆಮೇಲೆ ಬಟ್ಟೆ ತೆಗೆಯುತ್ತೇನೆ. ಆ ಬೆಳಿಗ್ಗೆ ಪಂಚೆಯ ತುಂಡನ್ನು ನೆನೆಸಿ, ಹಿಂಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಪಕ್ಕದಲ್ಲಿ ಒಂದು ಪೆನ್ನು. ನನ್ನ ಗಂಡ ನೋಡಿ, ನಾನು ಬರಲ್ಲಪ್ಪ, ನಿಮ್ಮನೆ ಮಹಾಭಾರತ ನೀವೇ ಮುಗಿಸ್ಕೊಳ್ಳಿ ಅಂದರು.

ಚಿಕ್ಕಬಾಣಾವರದಲ್ಲಿ ಹೊರಡುವ ಮುನ್ನ ಪೂಜೆಯಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಬಾನೆಟ್ ತುಂಬ ಕುಂಕುಮ. ಅತ್ತಿಗೆ ತೋಳಿನ ಗಾತ್ರದ ಒಂದು ಸೇವಂತಿಗೆ ಹಾರ ತಂದು ಕಾರಿನ ಮೂತಿಗೆ ಅಡ್ಡಲಾಗಿ, ಜಾಲರಿ ಕಾಣದಂತೆ ಕಟ್ಟಿಸಿದರು. ಆ ಜಾಲರಿಯಿಂದ ಗಾಳಿ ಒಳಗೆ ಹೋದರೆ ತಾನೇ ರೇಡಿಯೇಟರು ತಣ್ಣಗಿರುವುದು. ಹೊಸ ಕಾರುಗಳಿಗೆ ಕರೆಂಟಿನ ಫ್ಯಾನು ಇರುತ್ತದೆ, ನಡೆದುಹೋಗುತ್ತದೆ. ಇದು ಮೂಗಿನಲ್ಲೇ ಉಸಿರಾಡುವ ಮುದುಕ. ಅಪ್ಪ ಆಯುಧಪೂಜೆಗೂ ಹಾರವನ್ನು ಸ್ಟೇರಿಂಗಿಗೆ ಹಾಕುತ್ತಿದ್ದನೇ ಹೊರತು ಮೂತಿಗೆ ಹಾಕಿದವನಲ್ಲ. ನಾನು ಹಾರವನ್ನು ನೋಡಿದೆ, ತುಂಬಾ ಚೆನ್ನಾಗಿದೆ ಅತ್ತಿಗೆ ಅಂದೆ.

ಅಣ್ಣ ಬಿಳಿ ಜುಬ್ಬಾ, ತಂಪು ಕನ್ನಡಕ. ಪಕ್ಕದಲ್ಲಿ ಅತ್ತಿಗೆ. ಹಿಂದೆ ಅಮ್ಮ, ನಾನು. ಡಿಕ್ಕಿಯಲ್ಲಿ ಜ್ಯೂಸಿನ ಬಾಟಲಿಗಳನ್ನು ತುಂಬಿದ ಐಸ್ ಡಬ್ಬ. ಊರ ತುದಿಯ ರೈಲ್ವೆ ಗೇಟು ಹಾಕಿತ್ತು. ಅಲ್ಲಿ ನಿಂತ ಹೊತ್ತಿಗೇ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರಿತು. ಅಣ್ಣ ಪಕ್ಕದ ಬೈಕಿನವರಿಗೆ ಕಾರಿನ ಕಥೆ ಹೇಳುತ್ತಿದ್ದ. ಎಲ್ಲಾ ನಾನೇ ಬಿಚ್ಚಿ ಕಟ್ಟಿದ್ದು ಗುರು ಅನ್ನುತ್ತಿದ್ದ. ಅಮ್ಮ ನನ್ನ ಕಡೆ ಒಂದು ಸಲ ನೋಡಿ ಮತ್ತೆ ಕಿಟಕಿಯ ಆಚೆ ನೋಡಿದಳು. ನಾನು ಬ್ಯಾಗನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡೆ.

ಗಂಗಮ್ಮ ಸರ್ಕಲ್ಲಿನಿಂದ ಎಂ.ಎಸ್. ಪಾಳ್ಯ ದಾಟಿ ನೇರ ಯಲಹಂಕಕ್ಕೆ ಹೋಗಬಹುದಿತ್ತು. ಅಷ್ಟು ಸುಲಭಕ್ಕೆ ಹೋದರೆ ಯಾರು ನೋಡಬೇಕು? ಆರ್.ಟಿ. ನಗರದ ಅತ್ತಿಗೆಯ ತವರಿಗೆ ತೋರಿಸಿಯೇ ಹೋಗಬೇಕು ಅಂತ ಅಣ್ಣ ರಿಂಗ್ ರೋಡು ಹಿಡಿದ. ದಾರಿಯಲ್ಲಿ ಅತ್ತಿಗೆ ಸೆಕೆ ಅಂತ ಗಾಜು ಇಳಿಸಲು ಹೋದರು, ತಿರುಗಿಸುವ ಹಿಡಿ ಕಿತ್ತು ಅವರ ಕೈಗೇ ಬಂತು. ಅದನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಆಮೇಲೆ ಇಳಿಸಬೇಕು. ಅದೂ ನನಗೆ ಗೊತ್ತಿತ್ತು. ಆರ್.ಟಿ. ನಗರದ ಓಣಿಗೆ ತಿರುಗುವಾಗ ಅಣ್ಣ ಜೋರಾಗಿ ಹಾರ್ನ್ ಒತ್ತಿದ, ಅದು ಸಿಕ್ಕಿಹಾಕಿಕೊಂಡಿತು. ಬೀದಿಯ ಜನವೆಲ್ಲ ಬಾಲ್ಕನಿಗೆ ಬಂದು ನಿಲ್ಲುವ ತನಕ ಹಾಡುತ್ತಲೇ ಇತ್ತು. ಕೊನೆಗೆ ಅವನು ವೈರು ಕಿತ್ತ. ಅವನ ಭಾವಮೈದ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದುದನ್ನು ನಾನು ಕಣ್ತುಂಬ ನೋಡಿದೆ. ಸಕ್ಕರೆ ತಿಂದಂತಾಯಿತು. ಅತ್ತಿಗೆಯ ಅಮ್ಮ ಆರತಿ ಎತ್ತಿ, ಇದ್ದ ಹಾರದ ಮೇಲೆ ಇನ್ನೊಂದು ಹಾರ ಕಟ್ಟಿದರು. ನೀವು ಮುಂದೆ ಹೋಗ್ತಿರಿ, ನಾವು ಹಿಂದೆಯೇ ಬಂದು ಮೈದಾನದಲ್ಲಿ ಸಿಗ್ತೀವಿ ಅಂದರು.

ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಕಾರು ಎರಡು ಸಲ ಬಿಕ್ಕಳಿಸಿತು. ನಾನು ಮನಸ್ಸಿನಲ್ಲೇ ಎಣಿಸಿದೆ: ಒಂದು, ಎರಡು. ಮೂರಕ್ಕೆ ನಿಂತಿತು. ಸರಿಯಾಗಿ ಮಧ್ಯದಲ್ಲಿ, ಏರ್‌ಪೋರ್ಟಿಗೆ ಹೋಗುವವರೆಲ್ಲ ಹಿಂದಿನಿಂದ ಬಡಿದುಕೊಳ್ಳುವ ಜಾಗದಲ್ಲಿ. ಹಾರ್ನುಗಳು ಶುರುವಾದವು. ಅಣ್ಣ ಕೀ ತಿರುಗಿಸಿದ, ತಿರುಗಿಸಿದ, ತಿರುಗಿಸುತ್ತಲೇ ಇದ್ದ. ಇಬ್ಬರು ಆಟೋದವರು ಇಳಿದು ಬಂದು ಎಡಕ್ಕೆ ತಳ್ಳಿಕೊಟ್ಟರು. ಒಬ್ಬ, ಶೋಗೆ ಹೊರಟಿದ್ದೀರಾ ಸಾರ್, ಇಲ್ಲೇ ಶೋ ಆಗೋಯ್ತಲ್ಲ ಅಂದ. ಆ ಮಹಾನುಭಾವನಿಗೆ ದೇವರು ಒಳ್ಳೆಯದು ಮಾಡಲಿ.

ಅಣ್ಣ ಬಾನೆಟ್ ಎತ್ತಿದ. ಜುಬ್ಬಾದ ಬೆನ್ನು ಒದ್ದೆಯಾಗಿತ್ತು. ಬಣ್ಣ ಬಳಿದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದ. ಅವನು ಒಂದು ಹೇಳಿದ, ಇವನು ಒಂದು ವೈರು ಎಳೆದ. ಇನ್ನೊಂದು ಹೇಳಿದ, ಇನ್ನೊಂದು ವೈರು ಎಳೆದ. ಅರ್ಧ ಗಂಟೆ. ನಾನು ಇಳಿದು ಕಾರಿಗೆ ಒರಗಿ ನಿಂತಿದ್ದೆ, ಬ್ಯಾಗಿನ ಜಿಪ್ಪು ತೆಗೆದಿಟ್ಟುಕೊಂಡು. ಕೇಳು, ಒಂದು ಸಲ ಕೇಳು ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ಅವನು ನನ್ನ ಕಡೆ ನೋಡಿದ. ಈಗ ಕೇಳುತ್ತಾನೆ ಅಂದುಕೊಂಡೆ. ಸುಮ್ನೆ ನಿಂತಿದ್ದೀಯಲ್ಲ, ಅಮ್ಮಂಗೆ ಒಂಚೂರು ಗಾಳಿನಾದ್ರೂ ಹಾಕು ಅಂದ. ಆಮೇಲೆ ಫೋನಿಗೆ ಬಾಯಿ ಹಚ್ಚಿ, ನನಗೆ ಕೇಳುವ ಹಾಗೆಯೇ ಹೇಳಿದ:

"ಎಂಗಸ್ರುನ್ನ ಕಟ್ಕೊಂಡ್ ಬಂದ್ರೆ ಇಂಗೇ ಕಣಯ್ಯ. ಇವ್ರಿಗೇನ್ ಗೊತ್ತಾಯ್ತದೆ ಗಾಡಿ ವಿಷ್ಯ."

ನಾನು ಬ್ಯಾಗಿನ ಜಿಪ್ಪು ಎಳೆದುಬಿಟ್ಟೆ. ಆಯಿತಪ್ಪ, ನನಗೇನು ಗೊತ್ತು. ಇನ್ನು ನೀನು ಕೇಳಿದರೂ ನಾನು ಹೇಳುವುದಿಲ್ಲ.

ಅವನು ಇಂಜಿನ್ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ಕಾದಿರೋದೇ ರೋಗ ಅಂತ ಅವನಿಗೆ ಹೊಳೆಯಿತು. ಅರ್ಧ ನಿಜವೇ. ಟವೆಲ್ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ, ಬುಸ್ಸೆಂದು ಹಬೆ ಎದ್ದಾಗ ಹಾರಿ ಹಿಂದೆ ನಿಂತ. ಒಳಗೆ ಹನಿ ನೀರೂ ಉಳಿದಿರಲಿಲ್ಲ. ಡಿಕ್ಕಿ ತೆಗೆದ. ಐಸ್ ಡಬ್ಬದ ಬಾಟಲಿಗಳನ್ನು ಎತ್ತಿ ರಸ್ತೆಯ ಅಂಚಿಗೆ ಇಟ್ಟ. ಡಬ್ಬದಲ್ಲಿ ಕರಗಿದ ಐಸು, ನೀರು. ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡು ಮುಂದಕ್ಕೆ ಬಂದ.

ನನಗೆ ಗೊತ್ತಿತ್ತು. ಇದನ್ನು ಸುತ್ತಿಬಳಸಿ ಹೇಳುವುದಿಲ್ಲ. ಡಿಕ್ಕಿಯಿಂದ ಬಾನೆಟ್ಟಿಗೆ ಅವನು ಇಟ್ಟ ಹೆಜ್ಜೆ ಹತ್ತೋ ಹನ್ನೆರಡೋ. ಅಷ್ಟೂ ಹೆಜ್ಜೆ ನನಗೆ ಸಮಯವಿತ್ತು. ಬೇಡ ಅನ್ನಲು ಎರಡು ಅಕ್ಷರ ಸಾಕು. ಹಿಂದಿನ ಸೀಟಿನಿಂದ ಅಮ್ಮ ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಮಾಡು, ಮಾಡ್ಕೋ, ಮಾಡಿದ್ದುಣ್ಣೋ ಮಾರಾಯ ಅನ್ನುವುದೊಂದೇ ನನ್ನ ತಲೆಯಲ್ಲಿ.

ಅವನು ಅರ್ಧ ರೇಡಿಯೇಟರಿಗೆ ಸುರಿದ, ಉಳಿದದ್ದನ್ನು ಇಂಜಿನ್ನಿನ ಮೈಮೇಲೆ. ಚುಸ್ ಅಂತು. ಆಮೇಲೆ ಟಕ್.

ಆ ಸದ್ದು ನನಗೆ ಹೊಸದಲ್ಲ. ಆರು ವರ್ಷದವಳಾಗಿ ಅಡುಗೆಮನೆಯಲ್ಲಿ ನಿಂತಂತಾಯಿತು. ಇಂಜಿನ್ನಿನ ಪಕ್ಕದಿಂದ ನೀರು ಒಸರಿ, ಸೇವಂತಿಗೆ ಎಸಳುಗಳನ್ನು ತೇಲಿಸಿಕೊಂಡು ಫ್ಲೈಓವರಿನ ಇಳಿಜಾರಿಗೆ ಹರಿಯಿತು. ಅಣ್ಣನಿಗೆ ಏನೂ ಅರ್ಥವಾಗಲಿಲ್ಲ. ಈಗ ತಣ್ಣಗಾಯ್ತು ನೋಡು ಅಂತ ಹೆಂಡತಿಗೆ ಹೇಳಿ ಕೀ ತಿರುಗಿಸಿದ. ಒಳಗೆ ಕಲ್ಲು ಅರೆದಂಥ ಶಬ್ದ ಬಂತು, ಅದೂ ನಿಂತಿತು.

ಕೊನೆಗೆ ಎಳೆಯುವ ಲಾರಿ ಬಂತು. ಮುಂದಿನ ಚಕ್ರಗಳನ್ನು ಎತ್ತಿ ಕೊಕ್ಕೆ ಹಾಕಿದರು. ಅಷ್ಟಾದರೂ ಅಣ್ಣ ಮನೆಗೆ ತಿರುಗಲಿಲ್ಲ. ಮಾವನ ಮನೆಯವರೆಲ್ಲ ಮೈದಾನಕ್ಕೆ ಹೊರಟಾಗಿತ್ತು. ಅವನೂ ಅತ್ತಿಗೆಯೂ ಲಾರಿಯ ಕ್ಯಾಬಿನ್ನಿಗೆ ಹತ್ತಿದರು, ಅಮ್ಮನೂ ನಾನೂ ಒಂದು ಆಟೋದಲ್ಲಿ ಹಿಂದೆ ಹೊರಟೆವು. ದಾರಿಯುದ್ದಕ್ಕೂ ನಮ್ಮ ಮುಂದೆ ಆ ಕಾರಿನ ಹಿಂದಿನ ಗಾಜು, ಅದರ ಮೇಲೆ 'ತಂದೆಯ ಆಶೀರ್ವಾದ'. ನನಗೆ ನಗು ಬಂತು. ನಗುವ ಹೊತ್ತಿಗೇ ಅಮ್ಮ ನನ್ನ ಸೀರೆ ಮುಟ್ಟಿದಳು.

"ನಿನ್ ಬ್ಯಾಗ್ ಸೋರ್ತಾ ಐತಲ್ಲವ್ವ" ಅಂದಳು.

ಕವರು ಎಲ್ಲೋ ತೂತಾಗಿತ್ತು. ತೊಡೆಯ ಮೇಲೆ ಅಂಗೈಯಗಲ ಒದ್ದೆ. ಅಮ್ಮ ತಾನೇ ಕೈ ಹಾಕಿ ಬಟ್ಟೆಯನ್ನು ಹೊರಗೆ ತೆಗೆದಳು, ಬಿಡಿಸಿದಳು, ಹಸಿರು ಅಂಚನ್ನು ಹೆಬ್ಬೆರಳಿನಲ್ಲಿ ಸವರಿದಳು. ಅದು ಯಾಕೆ ಒದ್ದೆಯಾಗಿದೆ ಅಂತ ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ಎಷ್ಟೋ ಸಲ ಅದನ್ನು ಬೋರಿನ ನೀರಿಗೆ ಅದ್ದಿ ಅಪ್ಪನಿಗೆ ಕೊಟ್ಟವಳು ಅವಳೇ. ಆಟೋ ಅಲ್ಲಾಳಸಂದ್ರದ ತಿರುವು ದಾಟಿತು. ಆಮೇಲೆ ಹೇಳಿದಳು:

"ಅವತ್ತು ಎಂಚು ಒಡ್ದಿದ್ದು ಅವನೇ. ನೀರು ಉಯ್ದಿದ್ನ ನಾನು ಕಣ್ಣಾರೆ ಕಂಡಿದ್ದೆ."

ಮತ್ತೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನಲವತ್ತು ವರ್ಷದ ಮೇಲೆ ಆಟೋದಲ್ಲಿ ಕೂತು ಅಮ್ಮನ ಮೇಲೆ ದನಿ ಎತ್ತಿದೆ. ಆಟೋದವನು ಕನ್ನಡಿಯಲ್ಲಿ ನೋಡಿದ.

"ಯಾಕೋ ಬಾಯಿ ಬರ್ನಿಲ್ಲ. ಏಟು ನಿಂಗ್ ಬಿತ್ತು" ಅಂದಳು ಅಮ್ಮ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. "ಇವತ್ತು ನಿಮ್ಮಪ್ಪ ಬಂದು ಇದ್ಯಾರ್ ಕೆಲ್ಸ ಅಂತ ಕೇಳಿದ್ರೆ ಏನಂತಿದ್ದೆ?"

ಅವನದು ಅಂತಿದ್ದೆ ಅಂದೆ. ಸುರಿದಿದ್ದು ಅವನು.

"ಅವನ್ಗೆ ಗೊತ್ತಿರ್ನಿಲ್ಲ. ನಿಂಗ್ ಗೊತ್ತಿತ್ತು."

ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ರಸ್ತೆ ನೋಡುತ್ತಾ ಕೂತಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತೀರಿಸಿಕೊಳ್ಳಬೇಕಾದ ಹಗೆಯ ಪಟ್ಟಿಗೆ ಎಂಬತ್ತರ ಹತ್ತಿರದ ತಾಯಿಯನ್ನೂ ಸೇರಿಸಿಕೊಳ್ಳುವುದೆಂದರೆ ಏನು ಹೇಳುವುದು. ಆದರೂ ಸೇರಿಸಿಕೊಂಡೆ.

ಮೈದಾನದ ಗೇಟಿನಲ್ಲಿ ನಾನು ಬಯಸಿದ್ದೆಲ್ಲ ನಡೆಯಿತು. ಸ್ವಂತ ಚಕ್ರದ ಮೇಲೆ ಬಂದ ಗಾಡಿಗೆ ಮಾತ್ರ ಒಳಗೆ ಜಾಗ ಅಂದರು. ಅಣ್ಣ ಫಾರಂ ಹಿಡಿದು ಬೇಡಿಕೊಂಡ. ಮಾವನ ಮನೆಯವರು ಬಿಸಿಲಲ್ಲಿ ಸಾಲಾಗಿ ನಿಂತು ನೋಡಿದರು. ಭಾವಮೈದ ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲೂ ಇಲ್ಲ. ಅಣ್ಣನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅದನ್ನು ನೋಡಲು ನಾನು ಎಷ್ಟು ವರ್ಷ ಕಾದಿದ್ದೆ! ನೋಡಿದೆ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣು ಮತ್ತೆ ಮತ್ತೆ ಕೊಕ್ಕೆಗೆ ನೇತುಬಿದ್ದ ಕಾರಿನ ಕಡೆ ಹೋಗುತ್ತಿತ್ತು. ಅದರ ಹೊಟ್ಟೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಪಕ್ಕದಮನೆಗೆ ಅಪಶಕುನವಾಗಲಿ ಅಂತ ತನ್ನ ಮೂಗು ಕೊಯ್ದುಕೊಂಡವಳು ನಾನು.

ಇಂಜಿನ್ನೇ ಸೀಳಿದೆ ಅಂತ ಮೆಕ್ಯಾನಿಕ್ಕು ಹೇಳಿದ ದಿನ ಅಣ್ಣ ನನಗೆ ಫೋನ್ ಮಾಡಿದ. ಈ ದರಿದ್ರ ನಂಗೆ ಬೇಡ, ನೀನೇ ಇಟ್ಕೋ, ಅಪ್ಪನ ಜೊತೆ ನೀನೇ ತಾನೆ ಒದ್ದಾಡ್ತಿದ್ದಿದ್ದು ಅಂದ. ಅಪ್ಪನ ಜೊತೆ ನೀನೇ ತಾನೆ. ನೋಡಿ, ಅವನಿಗೆ ನೆನಪಿತ್ತು. ಅದಕ್ಕಾಗಿ ಅವನನ್ನು ಇನ್ನೊಂದು ಸಲ ಶಪಿಸಿದೆ. ಕಾರು ಅಲ್ಲಾಳಸಂದ್ರಕ್ಕೆ ಬಂತು, ಮತ್ತೆ ಹಗ್ಗಕ್ಕೆ ಕಟ್ಟಿಸಿಕೊಂಡು.

ಆಮೇಲಿನ ಭಾನುವಾರಗಳು ನನ್ನವು. ಯಶವಂತಪುರದ ಒಬ್ಬ ಲೇತ್ ಕೆಲಸದ ಮುದುಕರು ಸೀಳಿದ ಜಾಗವನ್ನು ಇದ್ದಿಲ ಬೆಂಕಿಯಲ್ಲಿ ಮೆಲ್ಲಗೆ ಕಾಯಿಸಿ, ಬೆಸುಗೆ ಹಾಕಿ, ಎರಡು ದಿನ ಬೂದಿಯಲ್ಲಿ ಹೂತಿಟ್ಟು ಆರಿಸಿದರು. ಅವಸರ ಮಾಡಿದರೆ ಮತ್ತೆ ಬಿರಿಯುತ್ತೆ ಕಣಮ್ಮ ಅಂದರು. ಉಳಿದದ್ದನ್ನೆಲ್ಲ ನಾನೇ ಬಿಚ್ಚಿದೆ, ನಾನೇ ಕಟ್ಟಿದೆ. ದಾಳಿಂಬೆ ಬಣ್ಣ ಉಜ್ಜಿ ತೆಗೆಸಿ ಬೂದು ಬಣ್ಣ ಹೊಡೆಸಿದೆ. ಬೆಸುಗೆ ಮಾತ್ರ ಹಾಗೇ ಉಳಿಯಿತು, ಇಂಜಿನ್ನಿನ ಪಕ್ಕದಲ್ಲಿ ಒಂದು ಬೆರಳುದ್ದದ ಉಬ್ಬು. ಅದರ ಮೇಲೆ ಬಣ್ಣ ಬಳಿಯಲು ಎರಡು ಸಲ ಬ್ರಶ್ಶು ಎತ್ತಿ ಎರಡು ಸಲವೂ ಇಳಿಸಿದೆ.

ಮುಂದಿನ ವರ್ಷ ಅದೇ ಮೈದಾನಕ್ಕೆ ಎಂ.ಎಸ್. ಪಾಳ್ಯದ ದಾರಿಯಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೋದೆ. ಹಾರ ಸ್ಟೇರಿಂಗಿಗೆ. ಫಾರಂನ ಮೂರನೆಯ ಸಾಲಿನಲ್ಲಿ ಅಪ್ಪನ ಹೆಸರು, ನನ್ನ ಹೆಸರು. ಅಣ್ಣ ಬಂದಿದ್ದ, ಕರೆಯದಿದ್ದರೂ. ಹೋದ ವರ್ಷದ ಕಥೆಯನ್ನು ಆಗಲೇ ಜೋಕು ಮಾಡಿಕೊಂಡು ಪಕ್ಕದ ಕಾರಿನವರಿಗೆ ಹೇಳಿ ನಗಿಸುತ್ತಿದ್ದ. ಅವನ ಮುಖ ಮತ್ತೆ ಗುಂಡಗೆ, ನುಣ್ಣಗೆ. ಸುಟ್ಟ ಬದನೆಕಾಯಿ ಎಷ್ಟು ದಿನ ಉಳಿಯುತ್ತದೆ.

ತೀರ್ಪು ಕೊಡುವವರು ಬಂದರು. ಬಿಳಿ ಮೀಸೆಯ ಒಬ್ಬರು ಬಾನೆಟ್ಟಿನೊಳಗೆ ಬಗ್ಗಿ ಎಲ್ಲವನ್ನೂ ನೋಡಿದರು. ಪಂಪಿಗೆ ಸುತ್ತಿದ್ದ ಹಸಿರು ಅಂಚಿನ ಬಟ್ಟೆ ನೋಡಿ ತಲೆದೂಗಿದರು. ಆಮೇಲೆ ಅವರ ಬೆರಳು ಬೆಸುಗೆಯ ಮೇಲೆ ನಿಂತಿತು. ಮೇಲಿಂದ ಕೆಳಗಿನ ತನಕ ಅದನ್ನು ಸವರಿ, ತಲೆ ಎತ್ತಿ ಕೇಳಿದರು:

"ಇದ್ಯಾರ್ ಕೆಲ್ಸ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಮುಂದೆ ಬಂದಿದ್ದ. ಮಾತಾಡಲಿಲ್ಲ. ನಗುತ್ತಾ, ಹೆಮ್ಮೆಯಿಂದಲೇ ಇರಬೇಕು, ತೋರುಬೆರಳು ಎತ್ತಿ ನನ್ನ ಕಡೆ ತೋರಿಸಿದ. ಕಾರಿನೊಳಗೆ ಕೂತಿದ್ದ ಅಮ್ಮ ಈ ಸಲ ಬೆನ್ನು ತಿರುಗಿಸಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು. ಬೆಸುಗೆ ಹಾಕಿದ್ದು ಆ ಲೇತ್ ಮುದುಕರು, ನಾನು ನೋಡುತ್ತಿದ್ದುದು ಅದರಡಿಯ ಸೀಳನ್ನು. ನಲವತ್ತು ವರ್ಷದಲ್ಲಿ ಮೊದಲ ಸಲ ಅವನ ಬೆರಳು ಸರಿಯಾದ ಕಡೆ ತೋರಿಸಿತ್ತು, ಅದು ಅವನಿಗೆ ಗೊತ್ತೇ ಇರಲಿಲ್ಲ.

ಹೌದು ಸಾರ್, ನಂದೇ ಅಂದೆ.